ಕಲ್ಲುದಾರಿಯ ವಾರಸುದಾರರು

ಗೆರಾರ್ಡ್ಸ್‌ಬರ್ಗನ್ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯ ಒಂದು ಸಣ್ಣ ಪಟ್ಟಣ. ಪೇಟೆ ದಾಟಿದರೆ ದಿಬ್ಬ, ದಿಬ್ಬದ ನೆತ್ತಿಯಲ್ಲಿ ಮೇರಿ ಮಾತೆಯ ಗುಡಿ, ಅಲ್ಲಿಗೆ ಹತ್ತಲು ಕಲ್ಲು ಹಾಸಿದ ಕಡಿದಾದ ದಾರಿ. 2011ರಲ್ಲಿ ಸೈಕಲ್ ರೇಸಿನ ಅಭಿಮಾನಿಗಳು ಆ ಊರಿನಲ್ಲಿ ಒಂದು ಅಣಕು ಶವಯಾತ್ರೆ ನಡೆಸಿದರು. ಅಂತ್ಯಸಂಸ್ಕಾರ ನಡೆದದ್ದು ಯಾವ ಮನುಷ್ಯನಿಗೂ ಅಲ್ಲ, ಆ ದಾರಿಗೇ. ಮರುವರ್ಷದಿಂದ ‘ಟೂರ್ ಆಫ್ ಫ್ಲಾಂಡರ್ಸ್’ ರೇಸು ಈ ದಿಬ್ಬದ ಮೇಲೆ ಹಾಯುವುದಿಲ್ಲ ಎಂದು ಸಂಘಟಕರು ಪ್ರಕಟಿಸಿದ್ದರು.

ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ದಾರಿ. ವರ್ಷಕ್ಕೊಂದು ದಿನ, ಅದೂ ಕೆಲವೇ ನಿಮಿಷ, ಅಲ್ಲಿ ಸೈಕಲ್‌ಗಳು ಹತ್ತಿ ಹೋಗುತ್ತಿದ್ದವು, ಇನ್ನು ಹೋಗುವುದಿಲ್ಲ. ಇಷ್ಟಕ್ಕೆ ಶವಯಾತ್ರೆಯೇ ಎಂದು ಕೇಳಬಹುದು. ನನಗೆ ಅದು ಅತಿಯಾಯಿತು ಅನ್ನಿಸುವುದಿಲ್ಲ. ಕ್ರಿಕೆಟ್ ನೋಡಲು ಹೋಗುವವನು ಟಿಕೆಟ್ ಕೊಂಡು ಇನ್ನೊಬ್ಬರ ಅಂಗಳಕ್ಕೆ ಹೋಗುತ್ತಾನೆ. ರಸ್ತೆಯ ಸೈಕಲ್ ರೇಸಿಗೆ ಅಂಗಳವೂ ಇಲ್ಲ, ಗೇಟೂ ಇಲ್ಲ. ತೇರು ಬೀದಿಗೆ ಬರುವ ಹಾಗೆ ಆಟವೇ ಜನರ ಬಾಗಿಲಿಗೆ ಬರುತ್ತದೆ. ಅದು ಹಾಯುವ ರಸ್ತೆ ಅವರು ದಿನವೂ ಹಾಲು ತರಲು, ಮಕ್ಕಳನ್ನು ಶಾಲೆಗೆ ಬಿಡಲು ಓಡಾಡುವ ರಸ್ತೆ. ರೇಸು ನಡೆಸುವ ಕಂಪನಿ ಯಾವುದೇ ಇರಲಿ, ರಸ್ತೆ ಅವರದು. ಆದ್ದರಿಂದ ರೇಸೂ ತಮ್ಮದೇ ಎಂದು ಅವರು ತಿಳಿಯುತ್ತಾರೆ. ಹಾಗೆ ತಿಳಿಯುವ ಹಕ್ಕು ಅವರಿಗಿದೆ ಎಂದೇ ನಾನು ನಂಬಿದ್ದೇನೆ. ಆ ಹಕ್ಕಿನಿಂದ ಈ ಆಟಕ್ಕೆ ಬಂದ ಸೊಗಸನ್ನೂ ಅದೇ ಹಕ್ಕಿನಿಂದ ಬಂದ ಆಪತ್ತನ್ನೂ ಒಟ್ಟಿಗೇ ನೋಡಬೇಕು.

ಸೈಕಲ್ ರೇಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೂರು ವಾರ ನಡೆಯುವ ಟೂರ್ ದ ಫ್ರಾನ್ಸ್. ಆದರೆ ಬೆಳಿಗ್ಗೆ ಹೊರಟು ಸಂಜೆಗೆ ಮುಗಿಯುವ ಒಂದು ದಿನದ ರೇಸುಗಳದ್ದೇ ಬೇರೆ ಪರಂಪರೆ. ಅವುಗಳಲ್ಲಿ ಐದನ್ನು ‘ಸ್ಮಾರಕ’ಗಳೆಂದು ಕರೆಯುತ್ತಾರೆ: ಮಿಲಾನ್–ಸಾನ್ ರೆಮೊ, ಫ್ಲಾಂಡರ್ಸ್, ಪ್ಯಾರಿಸ್–ರೂಬೆ, ಲಿಯೇಜ್–ಬಾಸ್ತೋನ್–ಲಿಯೇಜ್, ಲೊಂಬಾರ್ದಿಯಾ. ಇವುಗಳಲ್ಲಿ ಇವತ್ತು ಸೋತರೆ ನಾಳೆ ಸರಿಪಡಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ; ಮುಂದಿನ ಅವಕಾಶ ಮುಂದಿನ ವರ್ಷಕ್ಕೇ. ಫ್ಲಾಂಡರ್ಸ್‌ನ ಜನ ತಮ್ಮ ರೇಸನ್ನು ‘ರೋಂಡೆ’ ಎನ್ನುತ್ತಾರೆ. ಸಾಮಾನ್ಯವಾಗಿ ಏಪ್ರಿಲ್‌ನ ಮೊದಲ ಭಾನುವಾರ, ಸುಮಾರು 270 ಕಿಲೋಮೀಟರ್ ದೂರ, ಆರು ಗಂಟೆಯ ದುಡಿತ. ಇಪ್ಪತ್ತೈದು ತಂಡ, ತಂಡಕ್ಕೆ ಏಳು ಸವಾರರು. ದಾರಿಯುದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಗಿಡ್ಡ, ಕಡಿದಾದ ದಿಬ್ಬಗಳು. ಎತ್ತರದಲ್ಲಿ ಇವು ನಮ್ಮ ನಂದಿ ಬೆಟ್ಟದ ಸಮಕ್ಕೂ ಬರುವುದಿಲ್ಲ. ಆದರೆ ಹಲವು ದಿಬ್ಬಗಳಿಗೆ ಹಾಸಿರುವುದು ಡಾಂಬರಲ್ಲ, ದುಂಡು ನೆತ್ತಿಯ ಕಲ್ಲು. ಮಳೆ ಬಿದ್ದರೆ ಚಕ್ರ ಜಾರುತ್ತದೆ, ಎದ್ದು ತುಳಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಮುಂದಿನವನು ಕಾಲೂರಿದರೆ ಹಿಂದಿನವರೆಲ್ಲ ನಿಲ್ಲಬೇಕು. 2024ರಲ್ಲಿ ಮಳೆಯಿಂದ ತೊಯ್ದ ಕೊಪ್ಪೆನ್‌ಬರ್ಗ್ ದಿಬ್ಬದಲ್ಲಿ ಜಗತ್ತಿನ ಅತ್ಯುತ್ತಮ ಸವಾರರಲ್ಲಿ ಬಹುಪಾಲು ಮಂದಿ ಸೈಕಲ್ ತಳ್ಳಿಕೊಂಡು ಹತ್ತಿದರು. ಆ ದಿಬ್ಬದ ಅತಿ ಕಡಿದಾದ ತಾವಿನಲ್ಲಿ ಏರು ಶೇಕಡ 22.

ಈ ರೇಸು ಹುಟ್ಟಿದ್ದು 1913ರ ಮೇ 25ರಂದು. ಹುಟ್ಟಿಸಿದವನು ಪತ್ರಕರ್ತ ಕಾರೆಲ್ ವಾನ್ ವೈನೆಂದಾಲೆ. ಹದಿನೈದು ಮಕ್ಕಳ ಬಡ ಮನೆಯಲ್ಲಿ ಬೆಳೆದವನು, ತಾನೂ ರೇಸಿಗಿಳಿದು ಸೋತವನು. ಕೊನೆಗೆ ‘ಸ್ಪೋರ್ಟ್‌ವೆರೆಲ್ಡ್’ ಎಂಬ ಡಚ್ ಭಾಷೆಯ ಕ್ರೀಡಾಪತ್ರಿಕೆಯಲ್ಲಿ ನೆಲೆ ಕಂಡುಕೊಂಡ. ಆಗಿನ ಬೆಲ್ಜಿಯಂನಲ್ಲಿ ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣ ಎಲ್ಲದರ ಮೇಲೂ ಫ್ರೆಂಚ್ ಭಾಷೆಯ ಹಿಡಿತ. ಫ್ಲಾಂಡರ್ಸ್‌ನ ರೈತ, ಕೂಲಿ, ನೇಕಾರರ ಮಾತಿಗೆ ಮರ್ಯಾದೆ ಇರಲಿಲ್ಲ. ಗೆಂಟ್ ನಗರದ ವಿಶ್ವವಿದ್ಯಾಲಯ ಡಚ್ ಮಾಧ್ಯಮಕ್ಕೆ ಬಂದದ್ದೇ 1930ರಲ್ಲಿ. ತನ್ನ ನೆಲದಲ್ಲೇ ತನ್ನ ನುಡಿ ಹಿತ್ತಿಲಿಗೆ ಸರಿಯುವ ಸಂಕಟವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾನ್ ವೈನೆಂದಾಲೆ ಆ ಜನಕ್ಕೆ ಅವರದೇ ಭಾಷೆಯಲ್ಲಿ ಓದುವ ಪತ್ರಿಕೆ ಕೊಟ್ಟ, ಅವರದೇ ಊರುಗಳನ್ನು ಸುತ್ತಿಬರುವ ರೇಸು ಕೊಟ್ಟ, ಅವರ ನಡುವಿನಿಂದಲೇ ಎದ್ದುಬಂದ ವೀರರನ್ನು ಕೊಟ್ಟ. ಮೊದಲ ವರ್ಷ ಹೊರಟವರು ಮೂವತ್ತೇಳೇ ಮಂದಿ. ಗೆದ್ದವನು ಪೌಲ್ ಡೆಮಾನ್.

ಹಾಗಾಗಿ ಇಂದಿಗೂ ರಸ್ತೆಯ ಎರಡೂ ಬದಿ ಹಳದಿ ಬಟ್ಟೆಯ ಮೇಲೆ ಕಪ್ಪು ಸಿಂಹವಿರುವ ಫ್ಲಾಂಡರ್ಸ್‌ನ ಬಾವುಟಗಳು ತುಂಬಿರುತ್ತವೆ. ‘ಫ್ಲಾಂಡರ್ಸ್‌ನ ಸಿಂಹ’ ಎಂಬುದು ಅಲ್ಲಿ ಜನ ಕೊಡುವ ದೊಡ್ಡ ಬಿರುದು. ಮೂರು ಸಲ ಗೆದ್ದ ಯೋಹಾನ್ ಮುಸೇಯುವ್‌ಗೆ ಅದು ದಕ್ಕಿತ್ತು. ಅವನಿಗಿಂತ ಬಹಳ ಮೊದಲು, 1949ರಿಂದ 51ರವರೆಗೆ ಸತತ ಮೂರು ವರ್ಷ ಗೆದ್ದ ಫಿಯೊರೆಂಜೊ ಮಾನ್ಯಿಗೂ. ಮಾನ್ಯಿ ಇಟಲಿಯವನು. ತಮ್ಮ ಬಿರುದನ್ನು ಪರದೇಶದವನಿಗೆ ಕೊಡಲು ಈ ಜನ ಹಿಂದೆಮುಂದೆ ನೋಡಲಿಲ್ಲ. ಸಿಂಹದ ಬಾವುಟ ನೋಡಿ ಇವರನ್ನು ಬರೀ ಭಾಷಾಭಿಮಾನಿಗಳೆಂದು ಅಳೆಯುವವರು ಇದನ್ನು ಗಮನಿಸಬೇಕು.

ಅವರ ನಿಷ್ಠೆಗೆ ಇನ್ನೊಂದು ಹೆಸರು ಬ್ರೀಕ್ ಸ್ಕೊಟ್ಟೆ. 1942ರಲ್ಲೂ 1948ರಲ್ಲೂ ರೋಂಡೆ ಗೆದ್ದವನು, ಇಪ್ಪತ್ತು ವರ್ಷ ಸತತವಾಗಿ ಅದರಲ್ಲಿ ಓಡಿದವನು. ಗಾಳಿ, ಮಳೆ, ಕೆಸರಿಗೆ ಜಗ್ಗದೆ ತಲೆ ತಗ್ಗಿಸಿ ತುಳಿಯುವ ಸವಾರ ಹೇಗಿರಬೇಕು ಎಂದರೆ ಹಿರಿಯ ಅಭಿಮಾನಿಗಳು ಇವನತ್ತ ಬೆರಳು ಮಾಡುತ್ತಾರೆ. ಸ್ಕೊಟ್ಟೆ ತೀರಿಕೊಂಡದ್ದು 2004ರ ಏಪ್ರಿಲ್ 4ರಂದು. ಅಂದು ರೋಂಡೆ ನಡೆಯುತ್ತಿತ್ತು.

ದಿಬ್ಬದ ಮೇಲೊಂದು ಭಾನುವಾರ

ರಸ್ತೆ ಬದಿ ನಿಂತವರಿಗೆ ರೇಸು ಕಾಣುವುದು ಎಷ್ಟು ಹೊತ್ತು? ಸಪಾಟು ರಸ್ತೆಯಲ್ಲಾದರೆ ಗುಂಪು ಬಂದದ್ದು, ಹೋದದ್ದು ಅರ್ಧ ನಿಮಿಷವೂ ಇಲ್ಲ. ಬಣ್ಣದ ಒಂದು ಅಲೆ, ಸರಪಳಿಗಳ ಸದ್ದು, ಗಾಳಿಯ ಹೊಡೆತ, ಅದರ ಹಿಂದೆ ತಂಡದ ಕಾರುಗಳ ಸಾಲು. ಹಾಗಾಗಿಯೇ ಜನ ದಿಬ್ಬಗಳಿಗೆ ಹೋಗುತ್ತಾರೆ. ಅಲ್ಲಿ ಸವಾರರ ವೇಗ ಕುಗ್ಗುತ್ತದೆ, ಗುಂಪು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಒಬ್ಬೊಬ್ಬರ ಮುಖ ಕಾಣುತ್ತದೆ. ಮೂಗಿನಿಂದ ಇಳಿಯುವ ಬೆವರು ಕಾಣುತ್ತದೆ, ಉಸಿರಿನ ಸದ್ದು ಕೇಳುತ್ತದೆ. ಕೈ ಚಾಚಿದರೆ ತಾಗುವಷ್ಟು ಸಮೀಪ. ಜಗತ್ತಿನ ಅಗ್ರ ಆಟಗಾರನೊಬ್ಬ ಜೀವನದ ಅತಿ ಕಷ್ಟದ ಘಳಿಗೆಯಲ್ಲಿರುವಾಗ ಕಾಸೂ ಕೊಡದೆ ಒಂದು ಮಾರು ದೂರದಲ್ಲಿ ನಿಂತು ನೋಡುವ ಭಾಗ್ಯ ಇನ್ನಾವ ಆಟದಲ್ಲಿದೆ? ನನಗೆ ತಿಳಿದ ಮಟ್ಟಿಗೆ ಎಲ್ಲೂ ಇಲ್ಲ.

ಆ ಒಂದು ನಿಮಿಷಕ್ಕಾಗಿ ಬೆಳಿಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ. ಔಡೆ ಕ್ವಾರೆಮಾಂಟ್ ದಿಬ್ಬದ ಹೊಲಗಳಲ್ಲಿ ದೊಡ್ಡ ಪರದೆ ಎದ್ದಿರುತ್ತದೆ, ಬಿಯರ್ ಸುರಿಯುತ್ತಿರುತ್ತದೆ, ಕರಿದ ಆಲೂಗಡ್ಡೆಗೆ ಮೇಯನೇಸ್ ಹಚ್ಚಿದ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಒಬ್ಬೊಬ್ಬ ಸವಾರನಿಗೂ ಅವನ ಊರಿನಲ್ಲಿ ಅಭಿಮಾನಿಗಳ ಸಂಘವಿರುತ್ತದೆ. ಅದರ ಕಚೇರಿ ಸಾಮಾನ್ಯವಾಗಿ ಊರಿನ ಒಂದು ಕೆಫೆ. ಒಂದೇ ಬಣ್ಣದ ಜಾಕೆಟ್ ತೊಟ್ಟು ಬಸ್ಸು ಮಾಡಿಕೊಂಡು ಬರುತ್ತಾರೆ. ಇನ್ನು ಕೆಲವರು ನಕ್ಷೆ ಹಿಡಿದು, ಒಳದಾರಿ ಹುಡುಕಿ, ಒಂದು ಕಡೆ ರೇಸು ಹಾಯ್ದ ಕೂಡಲೇ ಕಾರು ಹತ್ತಿ ಇನ್ನೊಂದು ಕಡೆ ಹೋಗಿ ನಿಲ್ಲುತ್ತಾರೆ. ದಿನಕ್ಕೆ ಮೂರು ನಾಲ್ಕು ಕಡೆ ರೇಸು ಹಿಡಿಯುವ ಈ ಓಡಾಟವೇ ಅವರಿಗೊಂದು ಆಟ. ಹಿಂದಿನ ದಿನ ಶನಿವಾರ ಇದೇ ದಿಬ್ಬಗಳಲ್ಲಿ ಸಾಮಾನ್ಯರ ಸವಾರಿ ಇರುತ್ತದೆ. ಸುಮಾರು ಹದಿನಾರು ಸಾವಿರ ಮಂದಿ ಅದರಲ್ಲಿ ತುಳಿಯುತ್ತಾರೆ. ಪಾಟರ್‌ಬರ್ಗ್ ಕಲ್ಲುಗಳ ಮೇಲೆ ಶನಿವಾರ ತನ್ನ ತೊಡೆ ಕಟ್ಟಿಹೋದವನಿಗೆ ಭಾನುವಾರ ಅಲ್ಲಿ ಒಬ್ಬ ಸವಾರ ಏನು ಅನುಭವಿಸುತ್ತಿದ್ದಾನೆ ಎಂದು ಯಾವ ವೀಕ್ಷಕ ವಿವರಣೆಕಾರನೂ ಹೇಳಬೇಕಾಗಿಲ್ಲ.

ಪಾಟರ್‌ಬರ್ಗ್‌ನದ್ದೇ ಒಂದು ಕಥೆ. 360 ಮೀಟರ್ ಉದ್ದ, ಸರಾಸರಿ ಶೇಕಡ 12.9ರ ಏರು, ಕಡಿದಾದಲ್ಲಿ 20ಕ್ಕೂ ಹೆಚ್ಚು. ರೋಂಡೆಗೆ ಇದು ಸೇರಿದ್ದು 1986ರಲ್ಲಿ. ಆ ದಿಬ್ಬದ ರೈತನೊಬ್ಬನಿಗೆ ರೇಸು ತನ್ನ ಮನೆ ಮುಂದೆ ಹಾಯಬೇಕೆಂಬ ಆಸೆ ಇತ್ತಂತೆ. ಆ ಆಸೆಯಿಂದಲೇ ಹೊಲದ ಬದಿಯ ದಾರಿಗೆ ಕಲ್ಲು ಹಾಸಿದನಂತೆ. ಅಲ್ಲಿನವರೆಲ್ಲ ಹೇಳುವ ಕಥೆ ಇದು. ಇಂದು ಗೆಲುವು ಸೋಲು ಹಲವು ಸಲ ತೀರ್ಮಾನವಾಗುವುದು ಆ ದಾರಿಯಲ್ಲೇ. ಅಭಿಮಾನಿಯ ಆಸೆಯೊಂದು ರೇಸಿನ ನಕ್ಷೆಯನ್ನೇ ಬದಲಿಸಿದೆ ಎಂದಾದರೆ, ಆ ನಕ್ಷೆಯಿಂದ ತಮ್ಮ ದಿಬ್ಬವನ್ನು ಅಳಿಸಿದಾಗ ಗೆರಾರ್ಡ್ಸ್‌ಬರ್ಗನ್ ಜನ ಸುಮ್ಮನಿರುವುದು ಹೇಗೆ?

ಮ್ಯೂರ್ ಹೋಯಿತು, ಮ್ಯೂರ್ ಬಂತು

ಗೆರಾರ್ಡ್ಸ್‌ಬರ್ಗನ್ ದಿಬ್ಬವನ್ನು ‘ಮ್ಯೂರ್’ ಎಂದೇ ಕರೆಯುವುದು. ಗೋಡೆ ಎಂದು ಅರ್ಥ. ರೋಂಡೆ ಅದನ್ನು ಮೊದಲು ಹತ್ತಿದ್ದು 1950ರಲ್ಲಿ. 1973ರಿಂದ ರೇಸಿನ ಕೊನೆ ಮೀರ್‌ಬೆಕೆ ಎಂಬಲ್ಲಿ ಇರುತ್ತಿತ್ತು. ಅದಕ್ಕೆ ಮೊದಲು ಮ್ಯೂರ್, ಅದರ ಬೆನ್ನಿಗೆ ಬಾಸ್‌ಬರ್ಗ್, ಆಮೇಲೆ ಇಳಿಜಾರು. ದಿನವಿಡೀ ತುಳಿದು ಸುಸ್ತಾದವರು ಕೊನೆಯಲ್ಲಿ ಈ ಗೋಡೆಗೆ ಬಂದು ಢಿಕ್ಕಿ ಹೊಡೆಯುತ್ತಿದ್ದರು. 2010ರಲ್ಲಿ ಸ್ವಿಟ್ಜರ್ಲೆಂಡ್‌ನ ಫಾಬಿಯಾನ್ ಕಾನ್ಸೆಲಾರಾ ಸೀಟಿನಿಂದ ಏಳದೆಯೇ ಬೆಲ್ಜಿಯಂನ ಕಣ್ಮಣಿ ಟಾಮ್ ಬೂನೆನ್‌ನನ್ನು ಹಿಂದೆ ಬಿಟ್ಟು ಹೋದದ್ದು ಇಲ್ಲೇ. ಗುಡಿಯ ಕೆಳಗಿನ ಹುಲ್ಲಿನ ಇಳಿಜಾರಿನ ತುಂಬ ಜನ. ತಮ್ಮವನು ಸೋಲುತ್ತಿರುವುದನ್ನು ಅಷ್ಟು ಹತ್ತಿರದಿಂದ ನೋಡುವುದು ಹೇಗಿದ್ದಿರಬಹುದು!

2012ರಿಂದ ರೇಸಿನ ಕೊನೆಯನ್ನು ಔಡೆನಾರ್ಡೆಗೆ ಒಯ್ಯಲಾಯಿತು. ಕ್ವಾರೆಮಾಂಟ್ ಮತ್ತು ಪಾಟರ್‌ಬರ್ಗ್ ದಿಬ್ಬಗಳನ್ನು ಮತ್ತೆ ಮತ್ತೆ ಸುತ್ತುವ ಹೊಸ ದಾರಿ ಬಂತು. ಮ್ಯೂರ್, ಬಾಸ್‌ಬರ್ಗ್ ಎರಡೂ ಹೋದವು. ಸಂಘಟಕರ ಲೆಕ್ಕ ಸ್ಪಷ್ಟವಿತ್ತು. ಒಂದೇ ಕಡೆ ರೇಸು ಮೂರು ಸಲ ಹಾಯ್ದರೆ ಅಲ್ಲಿ ಗಣ್ಯರ ಡೇರೆ ಹಾಕಬಹುದು, ಊಟ–ಪಾನೀಯದ ಜೊತೆ ದುಬಾರಿ ಸೀಟು ಮಾರಬಹುದು. ರಸ್ತೆ ರೇಸಿಗೆ ಟಿಕೆಟ್ ಹಣವಿಲ್ಲ. ತಂಡಗಳೂ ಸಂಘಟಕರೂ ಬದುಕುವುದು ಹೆಚ್ಚಾಗಿ ಪ್ರಾಯೋಜಕರಿಂದ, ಪ್ರಸಾರದ ಹಕ್ಕಿನಿಂದ. ಹೊಸ ಆದಾಯ ಹುಡುಕಿದ್ದನ್ನು ತಪ್ಪೆನ್ನಲಾರೆ. ಅದರಿಂದ ಸಾಮಾನ್ಯ ವೀಕ್ಷಕನಿಗೂ ಲಾಭವಾಯಿತು. ಒಂದೇ ಕಡೆ ನಿಂತು ರೇಸಿನ ಕಥೆ ಬೆಳೆಯುವುದನ್ನು ಮೂರು ಅಂಕಗಳಲ್ಲಿ ನೋಡಬಹುದಾಯಿತು. ಗೆರಾರ್ಡ್ಸ್‌ಬರ್ಗನ್‌ನವರ ದೂರು ಲಾಭನಷ್ಟದ್ದಾಗಿರಲಿಲ್ಲ. ಅರವತ್ತು ವರ್ಷದ ನಂಟನ್ನು ಕಡಿಯುವಾಗ ತಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂಬುದು ಅವರ ನೋವು. ಆ ನೋವಿಗೆ ಶವಯಾತ್ರೆಗಿಂತ ತಕ್ಕ ರೂಪ ನನಗೆ ಹೊಳೆಯುತ್ತಿಲ್ಲ.

2017ರಲ್ಲಿ ಮ್ಯೂರ್ ಮರಳಿತು. ಕೊನೆಯ ಹಂತದಲ್ಲಲ್ಲ, ಗುರಿಗೆ ಇನ್ನೂ 95 ಕಿಲೋಮೀಟರ್ ಇರುವಾಗ. ಅಷ್ಟು ದೂರದಲ್ಲಿ ಅದು ಬರೀ ಅಲಂಕಾರ ಎಂದವರಿದ್ದರು. ಆದರೆ ಆ ದಿನ ರೇಸು ಒಡೆದದ್ದು ಅಲ್ಲೇ. ಬೂನೆನ್‌ಗೆ ಅದು ಕೊನೆಯ ರೋಂಡೆ. ಅವನ ತಂಡ ಮ್ಯೂರ್ ಮೇಲೆ ಬಿರುಸಾಗಿ ತುಳಿಯಿತು, ಒಂದು ಗುಂಪು ಕಿತ್ತುಕೊಂಡು ಮುಂದೆ ಹೋಯಿತು. ಮುಂದೆ ಕ್ವಾರೆಮಾಂಟ್ ಏರಿನಲ್ಲಿ ಅದೇ ತಂಡದ ಫಿಲಿಪ್ ಜಿಲ್ಬೆರ್ ಒಂಟಿಯಾಗಿ ಹೊರಟ. ಗುರಿ ಇನ್ನೂ 55 ಕಿಲೋಮೀಟರ್ ದೂರವಿತ್ತು. ಸೈಕಲ್ ಕೆಟ್ಟು ಬೂನೆನ್‌ನ ಆಸೆ ಟಾಯೆನ್‌ಬರ್ಗ್ ದಿಬ್ಬದಲ್ಲಿ ಮುಗಿಯಿತು. ಆ ದಿಬ್ಬವನ್ನು ಅಭಿಮಾನಿಗಳು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಜಿಲ್ಬೆರ್ ಮಾತ್ರ ನಿಲ್ಲಲಿಲ್ಲ. ಬೆಲ್ಜಿಯಂ ಚಾಂಪಿಯನ್ನನ ಕಪ್ಪು, ಹಳದಿ, ಕೆಂಪು ಅಂಗಿ ತೊಟ್ಟಿದ್ದ ಅವನು ಗೆರೆ ಬಂದಾಗ ಸೈಕಲ್‌ನಿಂದ ಇಳಿದು, ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ನಡೆದುಕೊಂಡು ದಾಟಿದ. ಜಿಲ್ಬೆರ್ ಫ್ರೆಂಚ್ ಮಾತಾಡುವ ವಲೋನಿಯಾ ಪ್ರಾಂತದವನು. ಸಿಂಹದ ಬಾವುಟ ಹಿಡಿದವರು ಅವನಿಗಾಗಿ ಗಂಟಲು ಹರಿದುಕೊಂಡರು.

ಅದೇ ದಿನ, ಅದೇ ಕ್ವಾರೆಮಾಂಟ್. ಜಿಲ್ಬೆರ್‌ನನ್ನು ಬೆನ್ನಟ್ಟಿದ್ದ ಪೀಟರ್ ಸಗಾನ್ ಕಲ್ಲು ಬಿಟ್ಟು ರಸ್ತೆಯ ಅಂಚು ಹಿಡಿದಿದ್ದ. ತಡೆಬೇಲಿಯ ಮೇಲೆ ಯಾರದೋ ಜಾಕೆಟ್ ಜೋತಾಡುತ್ತಿತ್ತು. ಸೈಕಲ್‌ನ ಹ್ಯಾಂಡಲ್ ಅದಕ್ಕೆ ಸಿಕ್ಕಿತು. ಸಗಾನ್ ಬಿದ್ದ, ಅವನ ಜೊತೆಗಿದ್ದ ಗ್ರೆಗ್ ವಾನ್ ಅವೆರ್ಮಾಟ್, ಒಲಿವರ್ ನಾಸೆನ್ ಇಬ್ಬರೂ ಬಿದ್ದರು. ಬಿಸಿಲು ಬಂತೆಂದು ಜಾಕೆಟ್ ಕಳಚಿ ಬೇಲಿಗೆ ಹಾಕಿದವನು ಯಾವ ಕೆಡುಕನ್ನೂ ಬಯಸಿರಲಿಕ್ಕಿಲ್ಲ. ಹತ್ತಿರ ನಿಲ್ಲುವ ಭಾಗ್ಯದ ಬೆಲೆ ಇದು, ಮತ್ತು ಆ ಬೆಲೆಯನ್ನು ತೆರುವವರು ಸವಾರರು.

ಎರಡು ಬಾಟಲಿಗಳು

ಈಗ ಬಾಟಲಿಯ ವಿಷಯ. ಸವಾರರು ನೀರು ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ರಸ್ತೆ ಬದಿಯ ಜನರತ್ತ ಎಸೆಯುವುದು ಹಳೆಯ ರೂಢಿ. ಮಕ್ಕಳು ಅದಕ್ಕಾಗಿ ಕಾದು ನಿಂತಿರುತ್ತಾರೆ. 2021ರ ಏಪ್ರಿಲ್ 1ರಿಂದ ವಿಶ್ವ ಸೈಕ್ಲಿಂಗ್ ಒಕ್ಕೂಟ ಅದನ್ನು ನಿಷೇಧಿಸಿತು. ಕಸ ಹಾಕಲು ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಎಸೆದರೆ ಶಿಕ್ಷೆ. ಪರಿಸರದ ಕಾಳಜಿ ಒಳ್ಳೆಯದೇ. ಮೂರೇ ದಿನಕ್ಕೆ ರೋಂಡೆ ಬಂತು. ಸ್ವಿಟ್ಜರ್ಲೆಂಡ್‌ನ ಮಿಖಾಯೆಲ್ ಶೇರ್ ಎಂಬ ಸವಾರ ರಸ್ತೆ ಬದಿ ನಿಂತ ಕೆಲವರ ಕಾಲ ಬಳಿಗೆ ಬಾಟಲಿ ಎಸೆದ. ಅಷ್ಟಕ್ಕೆ ಅವನನ್ನು ರೇಸಿನಿಂದಲೇ ಹೊರಹಾಕಿದರು.

ಶೇರ್ ಆಮೇಲೆ ಒಂದು ಬಹಿರಂಗ ಪತ್ರ ಬರೆದ. 1997ರಲ್ಲಿ ಅಪ್ಪ ಅಮ್ಮ ತನ್ನನ್ನೂ ಸೋದರಿಯನ್ನೂ ಜೂರಾ ಬೆಟ್ಟಸಾಲಿಗೆ ಟೂರ್ ದ ಫ್ರಾನ್ಸ್ ತೋರಿಸಲು ಕರೆದುಕೊಂಡು ಹೋಗಿದ್ದರು, ಗಂಟೆಗಟ್ಟಲೆ ಕಾದ ಮೇಲೆ ರೇಸು ಬಂತು, ಪೋಲ್ತಿ ತಂಡದ ಸವಾರನೊಬ್ಬನಿಂದ ಹಳದಿ ಬಾಟಲಿಯೊಂದು ತನಗೆ ಸಿಕ್ಕಿತು, ಮನೆಯಲ್ಲಿ ದಿನವೂ ಅದನ್ನು ನೋಡುತ್ತ ತಾನೂ ಸವಾರನಾಗಬೇಕೆಂಬ ಹಂಬಲ ಬೆಳೆಯಿತು ಎಂಬುದು ಅದರ ಸಾರ. ಈಗ ತಾನು ಎಸೆಯುವ ಬಾಟಲಿಯನ್ನು ಹಿಡಿಯಲು ನಿಂತ ಮಗುವಿನ ಬಗ್ಗೆ ಅವನು ಮಾತಾಡುತ್ತಿದ್ದ. ಆ ಪತ್ರವನ್ನು ಸೈಕ್ಲಿಂಗ್ ಜಗತ್ತೇ ಓದಿತು. ಎರಡು ವಾರ ಕಳೆಯುವುದರೊಳಗೆ ಒಕ್ಕೂಟ ಶಿಕ್ಷೆಯ ನಿಯಮವನ್ನು ಸಡಿಲಿಸಿತು.

ಆ ವರ್ಷ ದಿಬ್ಬಗಳಲ್ಲಿ ಎಂದಿನ ಜನಸಂದಣಿ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಕೋವಿಡ್‌ನಿಂದಾಗಿ 2020ರ ರೋಂಡೆ ಅಕ್ಟೋಬರ್ 18ಕ್ಕೆ ಹೋಗಿತ್ತು. ಆಗಲೂ, 2021ರ ಏಪ್ರಿಲ್‌ನಲ್ಲೂ ಮನೆಯಲ್ಲೇ ಇರಿ ಎಂದು ಜನರನ್ನು ಕೇಳಿಕೊಂಡಿದ್ದರು. 2020ರದ್ದು ಈ ಕಾಲದ ಅತ್ಯುತ್ತಮ ಸೆಣಸಾಟಗಳಲ್ಲಿ ಒಂದು. ನೆದರ್ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್, ಬೆಲ್ಜಿಯಂನ ವೌಟ್ ವಾನ್ ಆರ್ಟ್. ಹದಿಹರೆಯದಿಂದಲೂ ಕೆಸರಿನ ಸೈಕ್ಲೊಕ್ರಾಸ್ ಮೈದಾನಗಳಲ್ಲಿ ಎದುರಾಳಿಗಳು. ಇಬ್ಬರೇ ಔಡೆನಾರ್ಡೆಗೆ ಬಂದರು, ಒಬ್ಬರನ್ನೊಬ್ಬರು ನೋಡುತ್ತ ನಿಧಾನಿಸಿದರು, ಕೊನೆಗೆ ಒಟ್ಟಿಗೇ ಚಿಮ್ಮಿದರು. ಗೆದ್ದವರು ಯಾರೆಂದು ಫೋಟೊ ನೋಡಿ ಹೇಳಬೇಕಾಯಿತು: ವಾನ್ ಡರ್ ಪೂಲ್. ಅವನ ಅಪ್ಪ ಆಡ್ರಿ ಕೂಡ 1986ರಲ್ಲಿ ಇದೇ ರೇಸು ಗೆದ್ದಿದ್ದ. ಸಾವಿರಾರು ಗಂಟಲುಗಳು ಒಡೆಯಬೇಕಾಗಿದ್ದ ಆ ಹೊತ್ತಿನಲ್ಲಿ ಕೇಳಿಸಿದ್ದು ವಾಹನಗಳ ಸದ್ದು, ಟಿವಿಯವನ ಕೂಗು. ಆ ದೃಶ್ಯ ನೋಡಿದ ಯಾರಿಗೂ ಅಭಿಮಾನಿಗಳಿಲ್ಲದೆ ಈ ಆಟ ಎಷ್ಟು ಬಡವಾಗುತ್ತದೆ ಎಂಬುದರಲ್ಲಿ ಅನುಮಾನ ಉಳಿದಿರಲಾರದು. 2022ರಲ್ಲಿ ಜನ ಮರಳಿ ಬಂದಾಗ ಕ್ವಾರೆಮಾಂಟ್ ಏರಿನ ಗದ್ದಲ ಎಂದಿಗಿಂತ ಜೋರಾಗಿತ್ತು.

ಆದರೆ ಮರಳಿ ಬಂದವರೆಲ್ಲರೂ ಒಂದೇ ಥರ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯದೆ ಇರುವಂತಿಲ್ಲ. ವಾನ್ ಡರ್ ಪೂಲ್ ಗೆಲ್ಲುತ್ತ ಹೋದಂತೆ, ವಾನ್ ಆರ್ಟ್‌ಗೆ ರೋಂಡೆ ದಕ್ಕದೆ ಹೋದಂತೆ, ಗುಂಪಿನ ಒಂದು ಮೂಲೆಯಲ್ಲಿ ಹೊಲಸು ಸೇರಿಕೊಂಡಿತು. 2023ರ ಕೊನೆಯಲ್ಲಿ ಹುಲ್ಸ್ಟ್ ಎಂಬಲ್ಲಿನ ಸೈಕ್ಲೊಕ್ರಾಸ್ ರೇಸಿನಲ್ಲಿ ಕೆಲವರು ಅವನನ್ನು ಹೀಯಾಳಿಸಿ ಮೈಮೇಲೆ ಬಿಯರ್, ಮೂತ್ರ ಎರಚಿದರು. ರೋಸಿಹೋದ ಅವನು ಅವರತ್ತ ಉಗಿದ. ದಂಡ ಬಿದ್ದದ್ದು ಅವನಿಗೇ. 2024ರ ಪ್ಯಾರಿಸ್–ರೂಬೆಯಲ್ಲಿ ಒಬ್ಬಾಕೆ ಅವನ ಚಕ್ರದತ್ತ ಟೋಪಿ ಎಸೆದಳು. 2025ರ ವಸಂತದಲ್ಲಿ ಇನ್ನೊಂದು ರೇಸಿನಲ್ಲಿ ಮುಖಕ್ಕೆ ಉಗುಳಿದರು. ಅದೇ ವರ್ಷದ ಏಪ್ರಿಲ್ 13ರ ರೂಬೆಯಲ್ಲಿ, ಅವನು ಒಂಟಿಯಾಗಿ ಕಲ್ಲುದಾರಿಯಲ್ಲಿ ವೇಗವಾಗಿ ಹೋಗುತ್ತಿದ್ದಾಗ, ಬದಿಯಲ್ಲಿದ್ದ ಒಬ್ಬ ತುಂಬಿದ ನೀರಿನ ಬಾಟಲಿಯನ್ನು ನೇರ ಅವನ ಮುಖಕ್ಕೆ ಬೀಸಿದ. ಅವನು ಬೀಳಲಿಲ್ಲ ಎಂಬುದೇ ಅಚ್ಚರಿ. ರೇಸು ಗೆದ್ದ ಮೇಲೆ, ಮುಖಕ್ಕೆ ಕಲ್ಲು ಬಡಿದಂತಾಯಿತು, ಇದನ್ನು ಸುಮ್ಮನೆ ಬಿಡಬಾರದು ಎಂದ. ಎಸೆದವನು ಮುಂದೆ ತಾನಾಗಿ ಬೆಲ್ಜಿಯಂ ಪೊಲೀಸರ ಮುಂದೆ ಹಾಜರಾದ. ವಾನ್ ಡರ್ ಪೂಲ್ ಪರದೇಶದ ಅಂಗಿ ತೊಟ್ಟವನು ನಿಜ. ಆದರೆ ಹುಟ್ಟಿದ್ದು ಬೆಲ್ಜಿಯಂನ ಕಪೆಲ್ಲೆನ್‌ನಲ್ಲಿ, ಬೆಳೆದದ್ದೂ ಅದೇ ನೆಲದಲ್ಲಿ. ಮಾನ್ಯಿಗೆ ಸಿಂಹದ ಬಿರುದು ಕೊಟ್ಟ ಜನರ ಮೊಮ್ಮಕ್ಕಳ ಕಾಲದಲ್ಲಿ ಇಂಥದ್ದು ನಡೆಯಿತು.

ಶೇರ್‌ನ ಕೈಯಿಂದ ಜನರತ್ತ ಹೋದ ಬಾಟಲಿ, ಜನರ ಕೈಯಿಂದ ವಾನ್ ಡರ್ ಪೂಲ್‌ನ ಮುಖಕ್ಕೆ ಬಂದ ಬಾಟಲಿ: ಎರಡೂ ಸಾಧ್ಯವಾದದ್ದು ನಡುವೆ ಬೇಲಿ ಇಲ್ಲದ್ದರಿಂದ. ಇದನ್ನೇ ಹಿಡಿದು, ಇನ್ನು ಎಲ್ಲ ದಿಬ್ಬಗಳಿಗೂ ಬೇಲಿ ಹಾಕಿ ಟಿಕೆಟ್ ಇಡಬೇಕು ಎನ್ನುವವರು ಸೈಕ್ಲಿಂಗ್ ವಲಯದಲ್ಲೇ ಇದ್ದಾರೆ. ಟಿಕೆಟ್ ಇಟ್ಟರೆ ಹಣವೂ ಬರುತ್ತದೆ, ಪುಂಡರೂ ದೂರವಾಗುತ್ತಾರೆ ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ, ಕಾರಣವೂ ಕಣ್ಣೆದುರಿಗೇ ಇದೆ. ಸೈಕ್ಲೊಕ್ರಾಸ್ ರೇಸುಗಳಿಗೆ ಬೇಲಿಯೂ ಇದೆ, ಟಿಕೆಟೂ ಇದೆ; ಹುಲ್ಸ್ಟ್‌ನಲ್ಲಿ ಮೂತ್ರ ಎರಚಿದವರೂ ಬೇಲಿಯೊಳಗಿನವರೇ. ಕಾಸು ಕೊಟ್ಟವನಿಗೆ ಕಾಸಿನ ಜಂಬವೂ ಬರುತ್ತದೆ. ಬೇಕಾದದ್ದು ಬೇರೆ. ಗುಂಪು ದಟ್ಟವಾಗುವ ದಿಬ್ಬಗಳಲ್ಲಿ ಹೆಚ್ಚು ಸ್ವಯಂಸೇವಕರು, ಮದ್ಯದ ಮೇಲೆ ಒಂದಿಷ್ಟು ಹಿಡಿತ, ಕೈ ಎತ್ತಿದವನಿಗೆ ತಪ್ಪದ ಶಿಕ್ಷೆ. ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತವನ ಬಾಯಿ. ಎಸೆಯುವವನ ಕೈಯನ್ನು ಮೊದಲು ನೋಡುವುದು ಅವನ ಪಕ್ಕದವನು. ರಸ್ತೆ ತಮ್ಮದು ಎನ್ನುವವರು ಅಲ್ಲಿ ಮಾತಾಡಲೇಬೇಕು.

ಹಕ್ಕಿನ ಜೊತೆ ದುಡಿಮೆ ಸೇರಿದಾಗ ಅಭಿಮಾನ ಹೇಗಿರುತ್ತದೆ ಎಂಬುದಕ್ಕೆ ಅದೇ ರೂಬೆಯಲ್ಲಿ ಉದಾಹರಣೆ ಇದೆ. 1896ರಲ್ಲಿ ಶುರುವಾದ ಆ ರೇಸು ಉತ್ತರ ಫ್ರಾನ್ಸ್‌ನ ಹಳೆಯ ಕಲ್ಲುದಾರಿಗಳನ್ನೇ ನಂಬಿದೆ. ಊರೂರಿಗೆ ಡಾಂಬರು ಬಂದಂತೆ ಆ ದಾರಿಗಳು ಮಾಯವಾಗತೊಡಗಿದಾಗ ಅಭಿಮಾನಿಗಳು ‘ಪ್ಯಾರಿಸ್–ರೂಬೆಯ ಗೆಳೆಯರು’ ಎಂಬ ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಅದರ ಸದಸ್ಯರು ಹಾರೆ, ಗುದ್ದಲಿ ಹಿಡಿದು ಕುಸಿದ ಕಲ್ಲುಗಳನ್ನು ಕಿತ್ತು, ನೆಲ ಹದಮಾಡಿ, ಮತ್ತೆ ಕೂರಿಸುತ್ತ ಬಂದಿದ್ದಾರೆ. ತೋಟಗಾರಿಕೆ ಶಾಲೆಯ ವಿದ್ಯಾರ್ಥಿಗಳೂ ಅವರ ಜೊತೆ ದುಡಿಯುತ್ತಾರೆ. ಆ ರೇಸಿನಲ್ಲಿ ಅತಿ ಭಯಂಕರವಾದ ತುಣುಕು ಆರೆನ್‌ಬರ್ಗ್ ಕಾಡಿನ ನಡುವಿನ 2.3 ಕಿಲೋಮೀಟರ್ ದಾರಿ. 1968ರಲ್ಲಿ ಅದನ್ನು ಸೂಚಿಸಿದವನು ಜಾನ್ ಸ್ತಬ್ಲಿನ್‌ಸ್ಕಿ, ವಿಶ್ವ ಚಾಂಪಿಯನ್ ಆಗುವ ಮೊದಲು ಅದೇ ಕಾಡಿನ ಕೆಳಗಿನ ಗಣಿಯಲ್ಲಿ ದುಡಿದವನು. 2024ರಲ್ಲಿ ಅಲ್ಲಿನ ಕಲ್ಲುಸಂದಿಯ ಹುಲ್ಲು ಮೇಯಲು ಆಡುಗಳನ್ನು ಬಿಟ್ಟಿದ್ದರು. ರೂಬೆ ಗೆದ್ದವರಿಗೆ ಕೊಡುವ ಬಹುಮಾನ ಆ ದಾರಿಗಳಂಥದ್ದೇ ಒಂದು ಕಲ್ಲು. ಗೆದ್ದವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವ ಚಿತ್ರ ಮರುದಿನ ಎಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ಕಲ್ಲುಗಳನ್ನು ವರ್ಷವಿಡೀ ಕೂರಿಸಿದವರ ಹೆಸರು ಬರುವುದಿಲ್ಲ. ಬರಬೇಕು.

ಫ್ಲಾಂಡರ್ಸ್‌ನ ಅಭಿಮಾನಿಗಳು ಈಚೆಗೆ ಇನ್ನೊಂದು ಕಡೆ ತಮ್ಮ ಮನಸ್ಸನ್ನು ಹಿಗ್ಗಿಸಿಕೊಂಡಿದ್ದಾರೆ. ಮಹಿಳೆಯರ ರೋಂಡೆ ಶುರುವಾದದ್ದು 2004ರಲ್ಲಿ. ಬಹುಕಾಲ ಅದು ಪುರುಷರ ರೇಸಿನ ನೆರಳಿನಲ್ಲಿ ನಡೆದುಹೋಗುತ್ತಿತ್ತು. ದಿಬ್ಬದ ಮೇಲಿದ್ದವರಿಗೆ ಅದು ಮುಖ್ಯ ರೇಸು ಬರುವವರೆಗಿನ ಹೊತ್ತುಕಳೆ. ಈಗ ಮಹಿಳೆಯರ ರೇಸು ಪುರುಷರ ರೇಸು ಮುಗಿದ ಮೇಲೆ ಕೊನೆಗೊಳ್ಳುತ್ತದೆ. ಹಿಂದಾದರೆ ಪುರುಷರು ಹಾಯ್ದ ಕೂಡಲೇ ಜನ ಕಾರಿನತ್ತ ಹೆಜ್ಜೆ ಹಾಕುತ್ತಿದ್ದ ಹೊತ್ತು ಅದು. 2022ರಲ್ಲಿ ಬೆಲ್ಜಿಯಂ ಚಾಂಪಿಯನ್ನಳ ಅಂಗಿ ತೊಟ್ಟ ಲೊಟ್ಟೆ ಕೊಪೆಕಿ ಗೆದ್ದಳು. 2010ರಲ್ಲಿ ಗ್ರೇಸ್ ವೆರ್ಬೆಕೆ ಗೆದ್ದ ಮೇಲೆ ಬೆಲ್ಜಿಯಂ ಹೆಣ್ಣುಮಗಳೊಬ್ಬಳು ಮತ್ತೆ ಗೆದ್ದದ್ದು ಅಂದೇ. 2023ರಲ್ಲಿ ಮತ್ತೆ ಅವಳೇ. 2025ರಲ್ಲಿ, ವಿಶ್ವ ಚಾಂಪಿಯನ್ನಳ ಕಾಮನಬಿಲ್ಲಿನ ಅಂಗಿಯಲ್ಲಿ, ನಾಲ್ವರ ಕೊನೆಯ ಜಿಗಿತದಲ್ಲಿ ಮೂರನೆಯ ಸಲ ಗೆದ್ದಳು. ಮಹಿಳೆಯರ ರೋಂಡೆಯನ್ನು ಮೂರು ಸಲ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಆ ದಿನ ಪುರುಷರ ರೇಸಿನಲ್ಲಿ ಕ್ವಾರೆಮಾಂಟ್ ಕೊನೆಯ ಏರಿನಲ್ಲಿ ತಾಡೆಯ್ ಪೊಗಾಚಾರ್ ಎಲ್ಲರನ್ನೂ ಬಿಟ್ಟು ಹೋಗಿ ಗೆದ್ದಾಗಿತ್ತು, ಬೆಳಿಗ್ಗೆಯಿಂದ ನಿಂತವರ ಕಾಲು ಸೋತಿತ್ತು. ಆದರೂ ದಿಬ್ಬಗಳ ಮೇಲೆ ಜನ ಉಳಿದಿದ್ದರು, ಕೊಪೆಕಿ ಹತ್ತಿ ಬಂದಾಗ ಮಧ್ಯಾಹ್ನದಷ್ಟೇ ಜೋರಾಗಿ ಅವಳ ಹೆಸರು ಕೂಗಿದರು.